ಜೋನಿಬೆಲ್ಲ, ಕಾಯಿಹಾಲು, ಚಿಟಿಕೆ ಸೋಡಾ: ಮನೆಯಲ್ಲಿದ್ದದ್ದರಲ್ಲೇ ವೀಗನ್ ಕೇಕ್

ಬಾಳೆಗೊನೆ ಹಣ್ಣಾಗುವುದು ಒಮ್ಮೆಲೇ. ಮೊದಲೆರಡು ದಿನ ತಿನ್ನುವವರು ಸಿಗುತ್ತಾರೆ. ಆಮೇಲೆ ಸುಟ್ಟೇವು, ಬನ್ಸು, ಹಲ್ವ ಅಂತ ಒಂದು ಸುತ್ತು ಮುಗಿಯುತ್ತದೆ. ಅಷ್ಟಾದರೂ ಎರಡು ಚಿಪ್ಪು ಹಣ್ಣು ಸಿಪ್ಪೆ ಕಪ್ಪಾಗುತ್ತ ಮೂಲೆಯಲ್ಲಿ ಉಳಿದಿರುತ್ತದೆ. ಕೇಕಿಗೆ ಬೇಕಾದದ್ದು ಆ ಎರಡು ಚಿಪ್ಪೇ.

ಹಾಲು, ಬೆಣ್ಣೆ, ಮೊಟ್ಟೆ, ಜೇನು ಯಾವುದೂ ಇಲ್ಲದ, ಅಂದರೆ ವೀಗನ್ ಕೇಕು ಮಾಡಬೇಕು ಅಂತ ಯೂಟ್ಯೂಬ್ ತೆರೆದರೆ ಪಟ್ಟಿ ಬೇರೆಯೇ ಸಿಗುತ್ತದೆ: ಬಾದಾಮಿ ಹಾಲು, ಮೇಪಲ್ ಸಿರಪ್, ಆಪಲ್ ಸಾಸ್, ವೀಗನ್ ಬಟರ್. ಶಿರಸಿಯಲ್ಲೋ ಕುಮಟೆಯಲ್ಲೋ ಕೂತು ಇವನ್ನು ಆನ್‌ಲೈನಿನಲ್ಲಿ ತರಿಸಿದರೆ ಕೇಕಿಗಿಂತ ಕೊರಿಯರ್ ಖರ್ಚೇ ಹೆಚ್ಚು. ಆ ಪಟ್ಟಿ ಬರೆದವರು ತಮ್ಮ ಅಡುಗೆಮನೆಯಲ್ಲಿ ಇದ್ದದ್ದನ್ನು ಬರೆದರು, ಅಷ್ಟೇ. ನಮ್ಮಲ್ಲಿ ಇರುವುದು ತೆಂಗಿನಕಾಯಿ, ಜೋನಿಬೆಲ್ಲ (ಅಚ್ಚಿಗೆ ಹಾಕದ ದ್ರವ ಬೆಲ್ಲ), ಬಾಳೆ, ಹಲಸು, ಮುರುಗಲು (ಕೋಕಂ), ಗೇರುಬೀಜ, ಅಕ್ಕಿಹಿಟ್ಟು. ಒಂದೂ ಪ್ರಾಣಿಜನ್ಯವಲ್ಲ. ಹಾಗಾಗಿ ಬದಲಿ ಸಾಮಾನು ಹುಡುಕುವ ಮೊದಲು ಬೇರೆ ಪ್ರಶ್ನೆ ಕೇಳಿಕೊಳ್ಳಬೇಕು: ಮೂಲ ರೆಸಿಪಿಯಲ್ಲಿ ಆ ಮೊಟ್ಟೆ, ಆ ಬೆಣ್ಣೆ, ಆ ಮೊಸರು ಯಾವ ಕೆಲಸ ಮಾಡುತ್ತಿತ್ತು? ಕೆಲಸ ಗೊತ್ತಾದರೆ ಅದನ್ನು ಮಾಡುವ ವಸ್ತು ಡಬ್ಬದಲ್ಲೇ ಸಿಗುತ್ತದೆ.

ಸಿಪ್ಪೆ ಬಿಟ್ಟು ಒಂದು ಕೋಳಿಮೊಟ್ಟೆ ಸುಮಾರು 50 ಗ್ರಾಂ. ಅದರಲ್ಲಿ ಮುಕ್ಕಾಲು ಪಾಲು ನೀರು, 6 ಗ್ರಾಂ ಪ್ರೋಟೀನ್, 5 ಗ್ರಾಂ ಕೊಬ್ಬು. ಬಿಸಿ ತಾಗಿದಾಗ ಪ್ರೋಟೀನ್ ಗಟ್ಟಿಯಾಗಿ ಕೇಕಿನ ಗೋಡೆ ಕಟ್ಟುತ್ತದೆ. ಹಳದಿಯಲ್ಲಿರುವ ಲೆಸಿಥಿನ್ ಎಣ್ಣೆಯನ್ನೂ ನೀರನ್ನೂ ಬೆರೆಸಿ ಹಿಡಿಯುತ್ತದೆ. ಕಡೆದರೆ ಗಾಳಿಯೂ ತುಂಬಿಕೊಳ್ಳುತ್ತದೆ. ಮೂರೂ ಕೆಲಸ ಒಂದೇ ವಸ್ತುವಿನಿಂದ ಆಗಬೇಕೆಂದರೆ ಅಂಥ ಬದಲಿ ಇಲ್ಲ. ಹಂಚಿಕೊಟ್ಟರೆ ಆಗುತ್ತದೆ. ಗಾಳಿಯ ಕೆಲಸ ಸೋಡಾ ಮತ್ತು ಹುಳಿಗೆ, ಹಿಡಿದಿಡುವ ಕೆಲಸ ಹಣ್ಣಿನ ತಿರುಳಿಗೆ ಅಥವಾ ಅಗಸೆಯ ಲೋಳೆಗೆ, ಗೋಡೆಯ ಕೆಲಸ ಹಿಟ್ಟಿನ ಪಿಷ್ಟಕ್ಕೆ.

ಈ ಕೊನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಪಿಷ್ಟ ಪೂರ್ತಿ ನೀರು ಕುಡಿದು, ಪೂರ್ತಿ ಬೆಂದು, ಆಮೇಲೆ ತಣ್ಣಗಾದ ಮೇಲೇ ಗಟ್ಟಿಯಾಗುವುದು. ಮೊಟ್ಟೆ ಹಾಕಿದ ಕೇಕು ಓವನ್ನಿನೊಳಗೇ ಬಹುಮಟ್ಟಿಗೆ ನಿಂತುಬಿಡುತ್ತದೆ, ವೀಗನ್ ಕೇಕು ಹೊರಗೆ ಬಂದಮೇಲೂ ಕೂರುತ್ತಿರುತ್ತದೆ. ಬಿಸಿಯಿದ್ದಾಗ ಕೊಯ್ದು "ಒಳಗೆ ಅಂಟಂಟು, ಬೆಂದಿಲ್ಲ" ಅಂತ ಮತ್ತೆ ಒಳಗಿಡುವವರು ಬಹಳ. ಕನಿಷ್ಠ ಎರಡು ತಾಸು ಬಿಡಿ.

ಮೊಟ್ಟೆ, ಹಾಲು ಇಲ್ಲದೆ ಕೇಕು ನಿಲ್ಲುತ್ತದೆಯೇ ಎಂಬ ಅನುಮಾನವಿದ್ದರೆ ಕಾರವಾರ ಕಡೆಯ ಕೊಂಕಣಿ ಮನೆಗಳ ತವಸಳಿ ನೋಡಿ. ಸೌತೆಕಾಯಿ, ರವೆ, ಬೆಲ್ಲ, ಕಾಯಿತುರಿ. ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ. ಓವನ್ ಅಂದರೂ ಅದೇ, ಎರಡೂ ಕಡೆಯಿಂದ ಒಣ ಶಾಖ. ಇದರಲ್ಲಿ ಸೋಡಾ ಕೂಡ ಬೇಕಿಲ್ಲ, ರವೆ ಉಬ್ಬಿ ಕೂರುವುದರಿಂದಲೇ ರೂಪ ಬರುತ್ತದೆ. ಓವನ್ನಿಗೆ ಅಳತೆ ಹೀಗೆ: ಇಡ್ಲಿರವೆ 200 ಗ್ರಾಂ, ಬೀಜ-ತಿರುಳು ತೆಗೆದು ತುರಿದ ಬಲಿತ ಸೌತೆಕಾಯಿ 300 ಗ್ರಾಂ, ಪುಡಿಮಾಡಿದ ಬೆಲ್ಲ 150 ಗ್ರಾಂ, ಕಾಯಿತುರಿ 100 ಗ್ರಾಂ, ತೆಳು ಕಾಯಿಹಾಲು 100 ಮಿಲಿ, ಕಾಲು ಟೀ ಚಮಚ ಉಪ್ಪು, ಏಲಕ್ಕಿ, ಒಂದು ಹಿಡಿ ಗೇರುಬೀಜದ ಚೂರು. ತುರಿದಾಗ ಬಿಟ್ಟ ನೀರನ್ನು ಚೆಲ್ಲಬೇಡಿ, ಸೌತೆಕಾಯಿಯಲ್ಲಿ ನೂರಕ್ಕೆ 95ರಷ್ಟು ನೀರೇ. ಆ ನೀರನ್ನೂ ಈ ಲೆಕ್ಕದಲ್ಲಿ ಹಿಡಿದಿದೆ. ರವೆಯನ್ನು ಸಣ್ಣ ಉರಿಯಲ್ಲಿ ಪರಿಮಳ ಬರುವವರೆಗೆ ಹುರಿದುಕೊಂಡು, ಎಲ್ಲವನ್ನೂ ಬಾಣಲೆಯಲ್ಲಿ ಸೇರಿಸಿ ಐದಾರು ನಿಮಿಷ ಮಗುಚಿ. ಈ ಹಂತ ತಪ್ಪಿಸಿದರೆ ರವೆ ತಳಕ್ಕೆ ಇಳಿದು ಮೇಲೆ ನೀರು, ಕೆಳಗೆ ಕಲ್ಲು ಆಗುತ್ತದೆ. ಸೌಟು ಎಳೆದ ಗೆರೆ ಒಂದು ಕ್ಷಣ ನಿಲ್ಲುವಷ್ಟು ದಪ್ಪವಾದಾಗ ಇಳಿಸಿ, ಅರಿಶಿನ ಎಲೆ ಹಾಸಿದ ತಟ್ಟೆಗೆ ಹಾಕಿ 180 ಡಿಗ್ರಿಯಲ್ಲಿ 45ರಿಂದ 50 ನಿಮಿಷ. ತುರಿಯುವ ಮೊದಲು ಸೌತೆಕಾಯಿಯ ಎರಡೂ ತುದಿ ಕಚ್ಚಿ ನೋಡಿ. ಕಹಿ ಇದ್ದರೆ ಬೆಲ್ಲ ಎಷ್ಟು ಹಾಕಿದರೂ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ, ಅಂಥದ್ದನ್ನು ಎಸೆಯುವುದೇ ಸರಿ.

ಇನ್ನು ಸೋಡಾದಿಂದ ಉಬ್ಬುವ ಕೇಕು. ಇಲ್ಲಿ ಎಲ್ಲ ಆಟ ಜೋನಿಬೆಲ್ಲದ್ದು.

ಜೋನಿಬೆಲ್ಲ ಎಂದರೆ ಸಿಹಿ ಮಾತ್ರವಲ್ಲ. ಅದರಲ್ಲಿ ನೀರಿದೆ, ಹುಳಿಯೂ ಇದೆ. ಆಲೆಮನೆಯಲ್ಲಿ ಅಚ್ಚುಬೆಲ್ಲಕ್ಕೆ ಪಾಕವನ್ನು 118 ಡಿಗ್ರಿ ಆಸುಪಾಸಿಗೆ ಏರಿಸಿದರೆ, ಜೋನಿಯನ್ನು 105ರ ಹತ್ತಿರವೇ ಇಳಿಸುತ್ತಾರೆ. ಹಾಗಾಗಿ ಅದರ ತೂಕದಲ್ಲಿ ಕಾಲು ಪಾಲಿಗಿಂತ ಹೆಚ್ಚು ನೀರೇ ಉಳಿದಿರುತ್ತದೆ. ರೆಸಿಪಿಯಲ್ಲಿ 100 ಗ್ರಾಂ ಸಕ್ಕರೆ ಇದ್ದರೆ 130 ಗ್ರಾಂ ಜೋನಿ ಹಾಕಿ, ಉಳಿದ ದ್ರವದಲ್ಲಿ 30 ಮಿಲಿ ಕಡಿಮೆ ಮಾಡಿ. ಸಕ್ಕರೆಯಷ್ಟೇ ಜೋನಿ ಸುರಿದು, ಹಾಲನ್ನೂ ಪೂರ್ತಿ ಹಾಕಿದವರ ಕೇಕಿನ ತಳದಲ್ಲಿ ಬೆರಳು ದಪ್ಪದ ರಬ್ಬರ್ ಪದರ ಬರುವುದು ಈ ನೀರಿನಿಂದ. ಅಳೆಯುವ ಮುನ್ನ ಡಬ್ಬವನ್ನು ತಳದಿಂದ ಕಲಕಬೇಕು. ನಿಂತ ಜೋನಿಯಲ್ಲಿ ಹರಳು ಕೆಳಗೆ, ತೆಳು ಪಾಕ ಮೇಲೆ. ಮೇಲಿಂದ ಬಗ್ಗಿಸಿಕೊಂಡರೆ ಸಿಹಿ ಕಡಿಮೆ, ನೀರು ಹೆಚ್ಚು. ಕಪ್ಪಿನಲ್ಲಿ ಅಳೆಯುವುದೂ ಮೋಸ: 240 ಮಿಲಿ ಕಪ್ಪಿನಲ್ಲಿ ಜೋನಿ 320 ಗ್ರಾಂ ದಾಟುತ್ತದೆ, ಗೋಧಿಹಿಟ್ಟು 120 ಗ್ರಾಂ. ತಕ್ಕಡಿ ಇದ್ದರೆ ತೂಕದಲ್ಲೇ ಹೋಗಿ.

ಹುಳಿಯ ಲೆಕ್ಕ ಇನ್ನೂ ಸ್ವಾರಸ್ಯದ್ದು. ಅಡುಗೆ ಸೋಡಾ ಗಾಳಿ ಬಿಡಲು ಹುಳಿ ಬೇಕು. ಮೊಸರಿದ್ದಲ್ಲಿ ಆ ಕೆಲಸ ಮೊಸರಿನದು. ಮೊಸರು ಬಿಟ್ಟಾಗ ಜೋನಿಯೇ ಅದನ್ನು ಮಾಡುತ್ತದೆ: 320 ಗ್ರಾಂ ಜೋನಿ ಅರ್ಧ ಟೀ ಚಮಚ ಸೋಡಾವನ್ನು ನಿಭಾಯಿಸುತ್ತದೆ, 150-160 ಗ್ರಾಂ ಅಂದರೆ ಕಾಲು ಟೀ ಚಮಚ. ಇದಕ್ಕಿಂತ ಹೆಚ್ಚು ಸೋಡಾ ಹಾಕಿದರೆ ಹುಳಿ ಸಿಗದ ಪಾಲು ಓವನ್ನಿನ ಬಿಸಿಗೆ ಒಡೆದು ವಾಷಿಂಗ್ ಸೋಡಾ ಆಗಿ ಕೇಕಿನಲ್ಲೇ ಕೂರುತ್ತದೆ. ಸಾಬೂನಿನ ರುಚಿ, ವಿಪರೀತ ಕಪ್ಪು ಬಣ್ಣ, ನಡುವೆ ಕುಸಿದ ಗುಂಡಿ, ಮೂರಕ್ಕೂ ಕಾರಣ ಇದೇ.

ಆದರೆ ಎಲ್ಲ ಜೋನಿಯ ಹುಳಿ ಒಂದೇ ಅಲ್ಲ. ಕಬ್ಬಿನ ಹಾಲಿನ ಕೊಳೆ ತೆಗೆಯಲು ಆಲೆಮನೆಯಲ್ಲಿ ಸುಣ್ಣ ಹಾಕುತ್ತಾರೆ, ಸುಣ್ಣದ ಕೈ ಜೋರಾದಷ್ಟು ಹುಳಿ ಕಮ್ಮಿ. ಹೊಸ ಡಬ್ಬ ಒಡೆದಾಗ ಒಂದು ಪರೀಕ್ಷೆ ಮಾಡಿಕೊಳ್ಳಿ. ಒಂದು ದೊಡ್ಡ ಚಮಚ ಜೋನಿಗೆ ಅಷ್ಟೇ ಬಿಸಿನೀರು ಬೆರೆಸಿ, ಚಿಟಿಕೆ ಸೋಡಾ ಉದುರಿಸಿ. ಬುಸುಬುಸು ನೊರೆ ಎದ್ದರೆ ಧೈರ್ಯವಾಗಿ ಲೆಕ್ಕದಂತೆ ನಡೆಯಿರಿ. ನಾಲ್ಕಾರು ಗುಳ್ಳೆ ಬಂದು ಸುಮ್ಮನಾದರೆ ಹಿಟ್ಟಿಗೆ ಒಂದು ದೊಡ್ಡ ಚಮಚ ಲಿಂಬೆರಸ ಸೇರಿಸಬೇಕು. ಹಳೆಯ ಜೋನಿ ಮಳೆಗಾಲದಲ್ಲಿ ಹುದುಗಿ ಹೆಂಡದ ವಾಸನೆ ಬರುವುದುಂಟು. ಕುದಿಸಿ ನೊರೆ ತೆಗೆದರೆ ಬೇಕಿಂಗಿಗೆ ಬರುತ್ತದೆ, ಹುಳಿಯೂ ಏರಿರುತ್ತದೆ. ಬೂಸ್ಟು ಬಂದಿದ್ದರೆ ಮಾತ್ರ ಬೇಡ.

ಬೇಕಿಂಗ್ ಪೌಡರಿನಲ್ಲಿ ಹುಳಿ ಮೊದಲೇ ಸೇರಿರುತ್ತದೆ, ಅದು ಹೊರಗಿನ ಹುಳಿ ಕೇಳುವುದಿಲ್ಲ. ಹಿಟ್ಟು 120 ಗ್ರಾಮಿಗೆ ಒಂದು ಟೀ ಚಮಚ ಬೇಕಿಂಗ್ ಪೌಡರ್ ಅಥವಾ ಕಾಲು ಟೀ ಚಮಚ ಸೋಡಾ ಸಾಕು. ಎರಡನ್ನೂ ಬೆರೆಸುವಾಗ ಪಾಲು ಹಂಚಿ, ಎರಡನ್ನೂ ಪೂರ್ತಿ ಹಾಕಬೇಡಿ. ಬೇಕಿಂಗ್ ಪೌಡರಿನ ಶತ್ರು ನಮ್ಮ ಹವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರ, ಅಂಕೋಲೆಯಲ್ಲಿ ಮುಚ್ಚಳ ಸಡಿಲ ಬಿಟ್ಟ ಡಬ್ಬ ಮೆಲ್ಲಗೆ ಒಳಗೊಳಗೇ ಸತ್ತುಹೋಗುತ್ತದೆ. ಅರ್ಧ ಚಮಚ ಪುಡಿಗೆ ಬಿಸಿನೀರು ಹಾಕಿ, ಕೂಡಲೇ ಉಕ್ಕದಿದ್ದರೆ ಅದನ್ನು ನಂಬಬೇಡಿ. ಸಣ್ಣ ಡಬ್ಬ ತಂದು ಬೇಗ ಮುಗಿಸುವುದೇ ಜಾಣತನ.

ಈಗ ಬಾಳೆಹಣ್ಣಿನ ಕೇಕು. ಏಳು ಇಂಚಿನ ದುಂಡು ಟಿನ್ನಿಗೆ: ಮೈದಾ 90 ಗ್ರಾಂ, ಚಕ್ಕಿಯ ಗೋಧಿಹಿಟ್ಟು 90 ಗ್ರಾಂ, ಕಿವುಚಿದ ಬಾಳೆಹಣ್ಣು 200 ಗ್ರಾಂ, ಜೋನಿಬೆಲ್ಲ 150 ಗ್ರಾಂ, ಕೊಬ್ಬರಿ ಎಣ್ಣೆ 60 ಮಿಲಿ, ಕಾಯಿಹಾಲು 60 ಮಿಲಿ, ಸೋಡಾ ಕಾಲು ಟೀ ಚಮಚ, ಬೇಕಿಂಗ್ ಪೌಡರ್ ಮುಕ್ಕಾಲು ಟೀ ಚಮಚ, ಉಪ್ಪು ಕಾಲು ಟೀ ಚಮಚ. ಪರಿಮಳಕ್ಕೆ ನಾಲ್ಕು ಏಲಕ್ಕಿ, ಜೊತೆಗೆ ತುರಿದ ಜಾಯಿಕಾಯಿ ಚೂರು ಅಥವಾ ಆರೇಳು ಕಾಳುಮೆಣಸಿನ ಪುಡಿ. ಶಿರಸಿ-ಸಿದ್ದಾಪುರದ ತೋಟದ ಮನೆಗಳಲ್ಲಿ ಎರಡೂ ಅಂಗಳದ ಸಾಮಾನು. ಎರಡು ದಶಕದ ಹಿಂದಿನ ವೆನಿಲಾ ಅಬ್ಬರದಲ್ಲಿ ನೆಟ್ಟ ಬಳ್ಳಿ ಯಾರ ಮನೆಯಲ್ಲಾದರೂ ಉಳಿದಿದ್ದರೆ ಒಂದು ಕೋಡು ಕೇಳಿ ತನ್ನಿ, ಆದರೆ ಜೋನಿಯ ಎದುರು ಅದರ ಸದ್ದು ಕೇಳಿಸುವುದು ಕಷ್ಟ. ನನ್ನ ಮತ ಮೆಣಸಿಗೆ.

ಹಣ್ಣು ಯಾವುದು ಎನ್ನುವುದು ಮುಖ್ಯ. ಏಲಕ್ಕಿ ಬಾಳೆ ಸಿಹಿ, ನೀರು ಕಮ್ಮಿ, ನಾಲ್ಕೈದು ಬೇಕಾದೀತು. ಪಚ್ಚಬಾಳೆಯಲ್ಲಿ ನೀರು ಹೆಚ್ಚು, ಅದಾದರೆ ಕಾಯಿಹಾಲು 40 ಮಿಲಿಗೆ ಇಳಿಸಿ. ಸಿಪ್ಪೆ ಕಪ್ಪಾಗಿರಬೇಕು. ಅರೆಹಣ್ಣಿನಲ್ಲಿ ಪಿಷ್ಟ ಸಕ್ಕರೆಯಾಗಿರುವುದಿಲ್ಲ, ಕೇಕು ಬಿರುಸಾಗುತ್ತದೆ. ಹಣ್ಣು ಜಾಸ್ತಿ ಇದೆಯೆಂದು 300 ಗ್ರಾಂ ಹಾಕುವ ಆಸೆ ಬೇಡ. ಬಾಳೆಹಣ್ಣಿನಲ್ಲಿ ಮುಕ್ಕಾಲು ಪಾಲು ನೀರು, ಹಿಟ್ಟು ಹೊರಲಾರದೆ ಕುಸಿಯುತ್ತದೆ.

ಹಣ್ಣು, ಜೋನಿ, ಎಣ್ಣೆ, ಕಾಯಿಹಾಲು ಸೇರಿಸಿ ಒಂದು ನಿಮಿಷ ಚೆನ್ನಾಗಿ ಕಡೆಯಿರಿ. ಎಣ್ಣೆ ಬೇರೆಯಾಗಿ ತೇಲದೆ ಒಂದೇ ಬಣ್ಣ ಬರಬೇಕು. ಲೆಸಿಥಿನ್ ಇಲ್ಲದ್ದಕ್ಕೆ ಇಲ್ಲಿ ಕೈಬಲವೇ ಪರಿಹಾರ. ಎಲ್ಲ ಸಾಮಾನು ಕೋಣೆಯ ಉಷ್ಣತೆಯಲ್ಲಿರಲಿ, ಫ್ರಿಜ್ಜಿನಿಂದ ತೆಗೆದ ಕಾಯಿಹಾಲು ತಾಗಿದರೆ ಕೊಬ್ಬರಿ ಎಣ್ಣೆ ಕಾಳುಕಾಳಾಗಿ ಹೆಪ್ಪುಗಟ್ಟಿ, ಬೆಂದಮೇಲೆ ಅಲ್ಲಲ್ಲಿ ಎಣ್ಣೆಯ ತೂತು ಬಿಡುತ್ತದೆ. ಈ ಮಿಶ್ರಣಕ್ಕೆ ಗೋಧಿಹಿಟ್ಟು ಮಾತ್ರ ಹಾಕಿ ಹತ್ತು ನಿಮಿಷ ಬಿಡಿ. ಚಕ್ಕಿಹಿಟ್ಟಿನ ತೌಡು ನಿಧಾನಕ್ಕೆ ನೀರು ಕುಡಿಯುತ್ತದೆ, ಆ ಹೊತ್ತು ಕೊಡದಿದ್ದರೆ ಓವನ್ನಿನಲ್ಲಿ ಕುಡಿದು ಕೇಕು ಒಣಗುತ್ತದೆ. ಸೋಡಾ ಆಗಲೇ ಸೇರಿಸಬಾರದು, ಕಾಯುವಷ್ಟರಲ್ಲಿ ಗಾಳಿಯೆಲ್ಲ ಹೋಗಿರುತ್ತದೆ. ಸೋಡಾ, ಬೇಕಿಂಗ್ ಪೌಡರ್, ಉಪ್ಪು, ಪುಡಿಗಳನ್ನು ಮೈದಾದ ಜೊತೆ ಜರಡಿ ಹಿಡಿದು ಇಟ್ಟುಕೊಳ್ಳಿ. ಓವನ್ ಕಾದಮೇಲೆ ಅದನ್ನು ಹಾಕಿ, ಒಣಹಿಟ್ಟು ಕಾಣದಷ್ಟು ಮಗುಚಿ, ನಿಲ್ಲಿಸಿ. ಸಣ್ಣ ಗಂಟು ಉಳಿದರೆ ಉಳಿಯಲಿ. ನುಣುಪಾಗಲೆಂದು ತಿರುವುತ್ತ ಹೋದರೆ ಗ್ಲುಟೆನ್ (ಗೋಧಿಯ ಅಂಟು ಪ್ರೋಟೀನ್) ಬಿಗಿದು ಕೇಕಿನೊಳಗೆ ಉದ್ದುದ್ದ ಸುರಂಗ ಬೀಳುತ್ತವೆ. ಹದ ಬನ್ಸ್ ಹಿಟ್ಟಿಗಿಂತ ಬಹಳ ತೆಳು, ಇಡ್ಲಿ ಹಿಟ್ಟಿಗಿಂತ ತುಸು ದಪ್ಪ.

ಬಟರ್ ಪೇಪರ್ ಬದಲು ಬೆಂಕಿಯಲ್ಲಿ ಬಾಡಿಸಿದ ಬಾಳೆಎಲೆ ಹಾಸಿ. ಟಿನ್ನು ಮೂರರಲ್ಲಿ ಎರಡು ಪಾಲು ತುಂಬಿದರೆ ಸಾಕು. 170 ಡಿಗ್ರಿಯಲ್ಲಿ 40ರಿಂದ 45 ನಿಮಿಷ. ಸಕ್ಕರೆ ಕೇಕಿನ 180 ಡಿಗ್ರಿ ಇಲ್ಲಿ ಬೇಡ, ಜೋನಿ ಬೇಗ ಕಪ್ಪಾಗುತ್ತದೆ, ಮೇಲೆ ಸುಟ್ಟು ಒಳಗೆ ಹಸಿ ಉಳಿಯುತ್ತದೆ. ಚುಚ್ಚಿ ನೋಡಲು ತೊಳೆದ ಹೊಸ ತೆಂಗಿನಗರಿ ಕಡ್ಡಿ ಟೂತ್‌ಪಿಕ್‌ಗಿಂತ ಉತ್ತಮ, ತಳದವರೆಗೆ ಮುಟ್ಟುತ್ತದೆ. ಒಂದೆರಡು ತೇವದ ಚೂರು ಅಂಟಿದರೆ ಆಯಿತು, ಹಸಿ ಹಿಟ್ಟು ಅಂಟಿದರೆ ಇನ್ನೈದು ನಿಮಿಷ.

ಇದೇ ಅಳತೆಯಲ್ಲಿ ಹಣ್ಣು ಬದಲಿಸಬಹುದು. ಬಕ್ಕೆ ಹಲಸಿನ ತೊಳೆಯನ್ನು ಮಿಕ್ಸಿಯಲ್ಲಿ ಅರೆದರೆ ಸಾಕು, ಅಂಬಲಿ ಹಲಸಿನದು ನಾರು, ಜರಡಿಯಲ್ಲಿ ತಿಕ್ಕಿ ತಿರುಳು ಇಳಿಸಬೇಕು. ಹಲಸು ತಾನೇ ಸಿಹಿ, ಜೋನಿ 120 ಗ್ರಾಮಿಗೆ ಇಳಿಸಿ. ಹಾಗೆ ಇಳಿಸಿದಾಗ ಹುಳಿಯೂ ಇಳಿಯಿತಲ್ಲ, ಒಂದು ಟೀ ಚಮಚ ಲಿಂಬೆರಸ ಸೇರಿಸಿ. ಅಂಕೋಲೆಯ ಕರಿ ಈಶಾಡು ಮಾವಿನ ತಿರುಳಿಗೂ ಇದೇ ಅಳತೆ, ಸಿಹಿ ಮಾತ್ರ ಬೇರೆ. 2023ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ಹಣ್ಣಿನ ಪರಿಮಳ ಜೋನಿಯ ಕೆಳಗೆ ಮುಳುಗಿಹೋಗುತ್ತದೆ, ಅದಕ್ಕೆ ಮಾತ್ರ ಸಕ್ಕರೆಯೇ ಸರಿ: 100 ಗ್ರಾಂ ಸಕ್ಕರೆ, ಕಾಯಿಹಾಲು 90 ಮಿಲಿ, ಒಂದು ದೊಡ್ಡ ಚಮಚ ಲಿಂಬೆರಸ. ಬನವಾಸಿ ಕಡೆಯ ಅನಾನಸಿನಲ್ಲಿ ಹುಳಿಯೂ ಇದೆ, ಪ್ರೋಟೀನ್ ಕತ್ತರಿಸುವ ಕಿಣ್ವವೂ ಇದೆ. ಹಸಿಯಾಗಿ ಹಾಕಿದರೆ ಹಿಟ್ಟಿನ ಗ್ಲುಟೆನ್ ಸಡಿಲಾಗಿ ಕೇಕು ಹರಿಯುತ್ತದೆ. ಹೋಳುಗಳನ್ನು ಎರಡು ಚಮಚ ಜೋನಿಯಲ್ಲಿ ಐದು ನಿಮಿಷ ಕುದಿಸಿಕೊಂಡರೆ ಕಿಣ್ವ ಸಾಯುತ್ತದೆ. ಆ ಹೋಳುಗಳನ್ನು ಟಿನ್ನಿನ ತಳಕ್ಕೆ ಜೋಡಿಸಿ ಮೇಲೆ ಹಿಟ್ಟು ಸುರಿದು, ಬೆಂದಮೇಲೆ ಮಗುಚಿ ಹಾಕಿದರೆ ನೋಡಲಿಕ್ಕೂ ಚಂದ.

ಮುರುಗಲಿಗೆ ಬಂದರೆ ಒಂದು ಎಚ್ಚರಿಕೆ. ಕೆಂಪು ರಸ ಕಂಡಾಗ "ಮೊಸರಿನ ಬದಲು ಹುಳಿಯೂ ಆಯ್ತು, ಬಣ್ಣವೂ ಆಯ್ತು" ಅನಿಸುತ್ತದೆ. ಹುಳಿ ಆಗುತ್ತದೆ, ಬಣ್ಣ ಆಗುವುದಿಲ್ಲ. ಮುರುಗಲಿನ ಕೆಂಪು ಹುಳಿಯಲ್ಲಿ ಮಾತ್ರ ಕೆಂಪು, ಸೋಡಾ ಸೇರಿ ಹುಳಿ ಸತ್ತರೆ ಅದು ನೇರಳೆಗೆ, ಅಲ್ಲಿಂದ ಬೂದಿಗೆ ಹೊರಳುತ್ತದೆ. ಬೂದುಬಣ್ಣದ ಕೇಕನ್ನು ರುಚಿ ಚೆನ್ನಾಗಿದೆ ಎಂದು ಎಷ್ಟು ಹೇಳಿದರೂ ಮಕ್ಕಳು ಮುಟ್ಟುವುದಿಲ್ಲ. ಅರಿಶಿನ ಪುಡಿಯದೂ ಇದೇ ಕಥೆ, ಸೋಡಾ ಹೆಚ್ಚಾದರೆ ಇಟ್ಟಿಗೆ ಕೆಂಪು ಮಚ್ಚೆ ಬೀಳುತ್ತದೆ. ಆದ್ದರಿಂದ ಮುರುಗಲನ್ನು ಕೇಕಿನೊಳಗೆ ಹಾಕದೆ ಮೇಲೆ ಹಾಕಿ. ಉಪ್ಪು ಹಾಕದೆ ಒಣಗಿಸಿದ ಎಂಟು ಹತ್ತು ಸಿಪ್ಪೆಯನ್ನು 60 ಮಿಲಿ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ ಹಿಂಡಿ. 100 ಗ್ರಾಂ ಸಕ್ಕರೆಪುಡಿಗೆ ಈ ರಸ ಒಂದೊಂದೇ ಟೀ ಚಮಚ ಸೇರಿಸುತ್ತ ಕಲಸಿದರೆ ಮೂರ್ನಾಲ್ಕು ಚಮಚಕ್ಕೆ ದಪ್ಪ ಕೆಂಗುಲಾಬಿ ಲೇಪ ಸಿದ್ಧ. ಪೂರ್ತಿ ತಣಿದ ಕೇಕಿನ ಮೇಲೆ ಸುರಿಯಿರಿ, ಬಿಸಿಗೆ ಕರಗಿ ಇಳಿದುಹೋಗುತ್ತದೆ. ಸಾರಿಗೆಂದು ಇಟ್ಟ ಉಪ್ಪುರಸ ಮಾತ್ರ ಬೇಡ.

ಬೆಣ್ಣೆಯ ಬದಲು ಕೊಬ್ಬರಿ ಎಣ್ಣೆ ಎಂದು ಎಲ್ಲರೂ ಹೇಳುತ್ತಾರೆ, ಅಳತೆ ಯಾರೂ ಹೇಳುವುದಿಲ್ಲ. ಬೆಣ್ಣೆಯಲ್ಲಿ ಕೊಬ್ಬು ನೂರಕ್ಕೆ 80ರಷ್ಟೇ, ಉಳಿದದ್ದು ಬಹುಪಾಲು ನೀರು. 100 ಗ್ರಾಂ ಬೆಣ್ಣೆಗೆ 80 ಗ್ರಾಂ ಎಣ್ಣೆ ಮತ್ತು 20 ಮಿಲಿ ಕಾಯಿಹಾಲು. ಸಮಸಮ ಹಾಕಿದರೆ ಬಿಸ್ಕತ್ತು ಎಣ್ಣೆಯಲ್ಲಿ ಈಜುತ್ತದೆ. ಬೆಣ್ಣೆ-ಸಕ್ಕರೆ ಕಡೆದು ಗಾಳಿ ತುಂಬಿಸುವ ರೆಸಿಪಿಗಳನ್ನು ದ್ರವ ಎಣ್ಣೆಯಲ್ಲಿ ಮಾಡಲಾಗದು, ಗಾಳಿ ನಿಲ್ಲುವುದು ಅರೆಗಟ್ಟಿ ಕೊಬ್ಬಿನಲ್ಲಿ ಮಾತ್ರ. ಕೊಬ್ಬರಿ ಎಣ್ಣೆ 24 ಡಿಗ್ರಿಗೆ ಕರಗುತ್ತದೆ. ಡಿಸೆಂಬರ್ ಬೆಳಗ್ಗೆ ಶಿರಸಿಯಲ್ಲಿ ಬಾಟ್ಲಿಯಿಂದ ಬೀಳುವುದೇ ಇಲ್ಲ, ಅದೇ ದಿನ ಕಾರವಾರದಲ್ಲಿ ಹತ್ತು ಗಂಟೆಗೆ ನೀರಾಗಿರುತ್ತದೆ. ಒಂದೇ ರೆಸಿಪಿ ಘಟ್ಟದ ಮೇಲೆ ಒಂದು ಥರ, ಕೆಳಗೆ ಇನ್ನೊಂದು ಥರ ಬರುವುದಕ್ಕೆ ಇದೂ ಕಾರಣ.

ಕರಾವಳಿಯ ಸೆಕೆಗೆ ಉತ್ತರ ಮುರುಗಲ ಬೀಜದ ತುಪ್ಪ. ಹೆಸರಲ್ಲಿ ತುಪ್ಪ ಇದ್ದರೂ ಅಪ್ಪಟ ಸಸ್ಯಜನ್ಯ, ಕರಗುವುದು 40 ಡಿಗ್ರಿ ಆಸುಪಾಸಿಗೆ. ಕಾಲು ಒಡೆದಾಗ ಹಚ್ಚಲೆಂದು ಇಟ್ಟುಕೊಳ್ಳುವ ಆ ಬಿಳಿ ಉಂಡೆಯೇ. ತಿನ್ನಲು ಬಳಸುವಾಗ ಹೊಸದನ್ನು, ಕಮಟು ವಾಸನೆ ಇಲ್ಲದ್ದನ್ನು ಆರಿಸಿ. ಬಿಸ್ಕತ್ತಿಗೆ 75 ಗ್ರಾಂ ಕೊಬ್ಬರಿ ಎಣ್ಣೆ, 25 ಗ್ರಾಂ ಮುರುಗಲ ತುಪ್ಪ ಒಟ್ಟಿಗೆ ಕರಗಿಸಿ, ಮಸುಕಾಗಿ ಮುಲಾಮಿನ ಹದಕ್ಕೆ ಬರುವವರೆಗೆ ತಣಿಸಿ. 70 ಗ್ರಾಂ ಸಕ್ಕರೆಪುಡಿ ಹಾಕಿ ಬೆಳ್ಳಗಾಗುವವರೆಗೆ ಕಡೆಯಿರಿ. ಮೈದಾ 150 ಗ್ರಾಂ, ಅಕ್ಕಿಹಿಟ್ಟು 50 ಗ್ರಾಂ, ಕಾಲು ಟೀ ಚಮಚ ಉಪ್ಪು ಸೇರಿಸಿ, ಹಿಟ್ಟು ಕೂಡದಿದ್ದರೆ ಮಾತ್ರ ಒಂದು ದೊಡ್ಡ ಚಮಚ ದಪ್ಪ ಕಾಯಿಹಾಲು. ಉಂಡೆ ಕಟ್ಟಿ ಒತ್ತಿ ತಟ್ಟೆಯಲ್ಲಿ ಜೋಡಿಸಿದ ಮೇಲೇ ಫ್ರಿಜ್ಜಿನಲ್ಲಿ ಇಪ್ಪತ್ತು ನಿಮಿಷ ಇಡಿ. ಇಡೀ ಮುದ್ದೆಯನ್ನೇ ಇಟ್ಟರೆ ಕಲ್ಲಾಗಿ ಆಮೇಲೆ ಆಕಾರ ಕೊಡಲಾಗದು. 160 ಡಿಗ್ರಿಯಲ್ಲಿ 18ರಿಂದ 20 ನಿಮಿಷ, ಅಂಚು ತುಸು ಬಣ್ಣ ತಿರುಗಿದರೆ ಸಾಕು. ಹೊರಬಂದಾಗ ಮೆತ್ತಗಿರುತ್ತದೆ, ಮುಟ್ಟದೆ ತಣಿಯಲು ಬಿಡಿ. ಮುರುಗಲ ತುಪ್ಪದ ಪಾಲನ್ನು ಮೂರರಲ್ಲೊಂದಕ್ಕಿಂತ ಹೆಚ್ಚಿಸಿದರೆ ಅಂಗುಳಿಗೆ ಮೇಣ ಮೆತ್ತಿದಂತೆ ಆಗುತ್ತದೆ.

ಅಂಗಡಿಯ ಮಾರ್ಗರಿನ್, ಡಾರ್ಕ್ ಚಾಕೊಲೇಟ್ ಕೊಳ್ಳುವವರು ಹಿಂಬದಿ ಓದಬೇಕು. ಹಸಿರು ಚುಕ್ಕೆ ಎಂದರೆ ಸಸ್ಯಾಹಾರ, ಹಾಲು ಅದರೊಳಗೇ ಬರುತ್ತದೆ. "ಮಿಲ್ಕ್ ಸಾಲಿಡ್ಸ್", "ವೇ ಪೌಡರ್" ಅಂತಿದ್ದರೆ ವೀಗನ್ ಅಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2022ರ ನಿಯಮದ ನಂತರ ವೀಗನ್ ಪದಾರ್ಥಕ್ಕೆ ಬೇರೆಯೇ ಹಸಿರು ಗುರುತು ಬಂದಿದೆ.

ಹಣ್ಣಿಲ್ಲದ ಕೇಕಿಗೆ ಅಗಸೆ. ಹುಬ್ಬಳ್ಳಿ ಕಡೆಯಿಂದ ಬಂದ ಅಗಸಿ ಮನೆಯಲ್ಲಿದ್ದರೆ ಒಂದು ದೊಡ್ಡ ಚಮಚ ಪುಡಿಗೆ ಮೂರು ದೊಡ್ಡ ಚಮಚ ನೀರು, ಹತ್ತು ನಿಮಿಷ, ಒಂದು ಮೊಟ್ಟೆಗೆ ಸಮ. ಬೇಕಾದಾಗಲೇ ಪುಡಿ ಮಾಡಿ, ಪುಡಿ ಬೇಗ ಕಮಟುತ್ತದೆ. ಚಟ್ನಿಪುಡಿಯ ಅಗಸೆ ಬೆಳ್ಳುಳ್ಳಿ ಕಂಪಿನದು, ಅದಲ್ಲ. ಎರಡು ಮೊಟ್ಟೆಗಿಂತ ಹೆಚ್ಚು ಬದಲಿಸಹೋದರೆ ಲೋಳೆ ಲೋಳೆ.

ಕಾಬೂಲಿ ಕಡಲೆ ಬೇಯಿಸಿದ ನೀರನ್ನು ಲೋಳೆಯಾಗುವವರೆಗೆ ಬತ್ತಿಸಿ ಕಡೆದರೆ ಮೊಟ್ಟೆಯ ಬಿಳಿಯಂತೆ ನೊರೆ ಬರುವುದನ್ನು 2014ರಲ್ಲಿ ಫ್ರಾನ್ಸಿನ ಜೋಯೆಲ್ ರೋಸೆಲ್ ತೋರಿಸಿಕೊಟ್ಟರು. ಮೂರು ದೊಡ್ಡ ಚಮಚ ಒಂದು ಮೊಟ್ಟೆಗೆ ಸಮ. ಪಾತ್ರೆಯಲ್ಲಿ ಎಣ್ಣೆಯ ಪಸೆ ಇದ್ದರೆ ನೊರೆ ಏಳುವುದಿಲ್ಲ. ಸ್ಪಾಂಜಿಗೆ ಅದು ಚೆನ್ನಾಗಿದೆ. ಮೆರಿಂಗ್ (ಸಕ್ಕರೆ ಸೇರಿಸಿ ಕಡೆದ ನೊರೆಯನ್ನು ಒಣಗಿಸಿದ ಗರಿಗರಿ ಸಿಹಿ) ಮಾಡುವ ಹುಮ್ಮಸ್ಸಿದ್ದರೆ ಫೆಬ್ರವರಿಗೆ ಇಟ್ಟುಕೊಳ್ಳಿ, ಆಷಾಢದ ಹವೆಯಲ್ಲಿ ಅದು ಒಣಗುವ ಮಾತೇ ಇಲ್ಲ.

ಓವನ್ ಇಲ್ಲದವರಿಗೆ ಹಳೆಯ ಐದು ಲೀಟರ್ ಕುಕ್ಕರ್. ರಿಂಗು, ವೆಯ್ಟು ಎರಡೂ ತೆಗೆಯಬೇಕು, ನೀರು ಹಾಕಬಾರದು. ತಳದಲ್ಲಿ ಒಂದೂವರೆ ಕಪ್ಪು ಕಲ್ಲುಪ್ಪು, ಅದರ ಮೇಲೆ ಸ್ಟ್ಯಾಂಡ್. ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ, ಟಿನ್ನಿಟ್ಟು ಉರಿ ಸಣ್ಣ ಮಾಡಿ 45ರಿಂದ 55 ನಿಮಿಷ. ದಿನಬಳಕೆಯ ಒಳ್ಳೆಯ ಕುಕ್ಕರಿನಲ್ಲಿ ಬೇಡ, ಒಣ ಶಾಖಕ್ಕೆ ತಳ ಸೊಟ್ಟಗಾಗುತ್ತದೆ. ಮೇಲ್ಭಾಗ ಬೆಳ್ಳಗೇ ಉಳಿಯುತ್ತದೆ, ಶಾಖ ಕೆಳಗಿನಿಂದ ಮಾತ್ರ ತಾನೆ. ಬಚ್ಚಲ ಒಲೆ ಇರುವ ಮನೆಯವರು ದಪ್ಪ ತಳದ ಕಬ್ಬಿಣದ ಪಾತ್ರೆಗೆ ಚಪ್ಪಟೆ ಮುಚ್ಚಳ ಮುಚ್ಚಿ, ಕರಟದ ಕೆಂಡವನ್ನು ಕೆಳಗೆ ಸ್ವಲ್ಪ, ಮೇಲೆ ಹೆಚ್ಚು ಹಾಕಿದರೆ ಕೆಂಪಗೂ ಆಗುತ್ತದೆ. ಹೊಗೆಯ ಕಂಪು ತವಸಳಿಗೆ ಒಪ್ಪುತ್ತದೆ, ಬಿಸ್ಕತ್ತಿಗೆ ಒಪ್ಪದು.

ಮಳೆಗಾಲದ ಇನ್ನೊಂದು ತಲೆನೋವು ಕರೆಂಟು. ಓಟಿಜಿಯಲ್ಲಿ (ಕರೆಂಟಿನ ಪುಟ್ಟ ಓವನ್ನಿನಲ್ಲಿ) ಇಟ್ಟು ಇಪ್ಪತ್ತು ನಿಮಿಷದೊಳಗೆ ಹೋದರೆ ಕೇಕು ನಿಲ್ಲುವುದಿಲ್ಲ, ಗ್ಯಾಸಿನ ಮೇಲೆ ಕುಕ್ಕರ್ ಕಾಯಲಿಟ್ಟು ಟಿನ್ನನ್ನು ಅದಕ್ಕೆ ಸಾಗಿಸುವುದೊಂದೇ ದಾರಿ. ಮೂವತ್ತು ನಿಮಿಷ ದಾಟಿದ್ದರೆ ಬಾಗಿಲು ತೆಗೆಯದೆ ಹದಿನೈದು ನಿಮಿಷ ಒಳಗೇ ಬಿಡಿ, ಉಳಿದ ಬಿಸಿಗೆ ಬಹುಪಾಲು ಬೇಯುತ್ತದೆ. ಕುಕ್ಕರಿನ ಬಾಯಿಗೆ ಹಿಡಿಸುವ ಟಿನ್ನನ್ನೇ ಬಳಸುವ ರೂಢಿ ಇದಕ್ಕಾಗಿಯೇ ಒಳ್ಳೆಯದು.

ಜೋನಿಯ ಕೇಕು ತೇವ ಹಿಡಿದಿಡುತ್ತದೆ, ಮರುದಿನಕ್ಕೆ ರುಚಿ ಹೆಚ್ಚು. ಬೇಸಿಗೆಯಲ್ಲಿ ಮೂರು ದಿನ ಹೊರಗಿಡಬಹುದು. ಮಳೆಗಾಲದಲ್ಲಿ ಎರಡೇ ದಿನ, ಹಲಸಿನದಾದರೆ ಮರುದಿನಕ್ಕೇ ಮುಗಿಸಿ. ಫ್ರಿಜ್ಜಿನಲ್ಲಿಟ್ಟದ್ದು ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿ ಬಿರುಸಾಗಿ ಒಣಗಿದಂತೆ ಕಾಣುತ್ತದೆ. ಒಣಗಿರುವುದಿಲ್ಲ. ಹೋಳುಗಳನ್ನು ಬಾಳೆಎಲೆಯಲ್ಲಿ ಸುತ್ತಿ ಇಡ್ಲಿ ಪಾತ್ರೆಯ ಹಬೆಯಲ್ಲಿ ಮೂರು ನಿಮಿಷ ಇಟ್ಟರೆ ಮತ್ತೆ ಮೆತ್ತಗಾಗುತ್ತದೆ. ಬಿಸ್ಕತ್ತು ಮೆತ್ತಗಾಗಿದ್ದರೆ ಹಬೆಯಲ್ಲ, 150 ಡಿಗ್ರಿಯಲ್ಲಿ ಐದು ನಿಮಿಷ.